ಅಗ್ಗದ ಕೋವಿ, ಅರ್ಧ ಕೆತ್ತಿದ ಕಲ್ಲು

ಎನಾರ್ ಬ್ರೆಕ್ಕೆಯ ಹೆಸರು ಅವನು ಬದುಕಿರುವಾಗಲೇ ಸಮಾಧಿ ಗುಡ್ಡದಲ್ಲಿ ಕೆತ್ತಿಯಾಗಿತ್ತು. ಇದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಉತ್ತರ ಡಕೋಟಾದಲ್ಲಿ, ನಮ್ಮ ಕಡೆ, ಗಂಡ ಹೆಂಡತಿ ಇಬ್ಬರಿಗೂ ಸೇರಿ ಅಗಲವಾದ ಒಂದೇ ಕಲ್ಲು ನಿಲ್ಲಿಸುವುದು ವಾಡಿಕೆ. ಮೊದಲು ಹೋದವರ ಕಡೆ ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಬೀಳುತ್ತವೆ. ಉಳಿದವರ ಕಡೆ ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಅದರಾಚೆ ನುಣ್ಣಗೆ ಖಾಲಿ ಜಾಗ. ಎನಾರ್ ಮಾತ್ರ ಸ್ವಲ್ಪ ಅವಸರ ಮಾಡಿದ್ದ. ಹೆಂಡತಿ ಆರ್ಡಿಸ್ ಇನ್ನೂ ಗಟ್ಟಿಮುಟ್ಟಾಗಿ ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಾಗಲೇ ಕಲ್ಲು ಕೊಂಡುಬಿಟ್ಟಿದ್ದ, ಯಾಕೆಂದರೆ ಪಕ್ಕದ ಊರಿನ ಕಲ್ಲುಕುಟಿಗ ಅಂಗಡಿ ಮುಚ್ಚುತ್ತಿದ್ದ, ಎಲ್ಲ ಅರ್ಧ ಬೆಲೆ.

"ಇಬ್ರುದ್ದೂ ಒಟ್ಟಿಗೆ ಕೆತ್ತಿಸಿದ್ರೆ ಇನ್ನೂ ಕಮ್ಮಿಗೆ ಬಿತ್ತು" ಎಂದು ಅವತ್ತು ಮನೆಗೆ ಬಂದು ಹಿಗ್ಗಿ ಹೇಳಿದ್ದ.

"ಮದುವೆ ಉಂಗುರ ತಂದಾಗ್ಲೂ ನಿನ್ನ ಮುಖದಲ್ಲಿ ಇಷ್ಟು ಕಳೆ ಇರ್ಲಿಲ್ಲ" ಎಂದಳು ಆರ್ಡಿಸ್. ಆಮೇಲೆ ಮಣ್ಣಿನ ಕೈ ಒರೆಸಿಕೊಂಡು, "ನಾನೇ ಮೊದಲು ಹೋಗ್ತೀನಿ, ನೋಡ್ತಿರು. ನೀನು ಯಾವತ್ತು ಹೊತ್ತಿಗೆ ಸರಿಯಾಗಿ ಹೊರಟಿದ್ದೀಯ? ಇಲ್ಲಿ ಕಾರಲ್ಲಿ ಕೂತು ಹಾರ್ನ್ ಹೊಡೆಯೋ ಹಾಗೆ ಅಲ್ಲೂ ಕೂತು ಕಾಯ್ಬೇಕು" ಎಂದಿದ್ದಳು.

ಹಾಗೆಯೇ ಆಯಿತು. ಎರಡು ಚಳಿಗಾಲದ ಹಿಂದೆ ಆರ್ಡಿಸ್ ಹೋದಳು. ಧಾನ್ಯದ ಉಗ್ರಾಣದಲ್ಲಿ ತೂಕದ ಕೆಲಸ ಮಾಡಿ ನಿವೃತ್ತನಾಗಿದ್ದ ಎನಾರ್‌ಗೆ ಆಮೇಲೆ ಉಳಿದ ಉದ್ಯೋಗವೆಂದರೆ ಒಂದೇ. ದಿನಾ ಬೆಳಿಗ್ಗೆ ಹುಲ್ಲು ಕತ್ತರಿಸುವ ಕತ್ತರಿ ಹಿಡಿದು ಗುಡ್ಡ ಹತ್ತುವುದು, ಕಲ್ಲಿನ ಸುತ್ತ ಹುಲ್ಲು ಸಮ ಮಾಡುವುದು, ಊರಿನ ಸುದ್ದಿಯನ್ನೆಲ್ಲ ಅವಳಿಗೆ ಹೇಳಿ ಇಳಿಯುವುದು. ಯಾರ ಟ್ರ್ಯಾಕ್ಟರು ಕೆಟ್ಟಿತು, ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ, ಎಲ್ಲ. ಅವಳಿದ್ದಾಗ ಹೀಗೆ ಕೂತು ಮಾತಾಡಿದವನಲ್ಲ. ಈಗ ಆ ಒಂದು ಗಳಿಗೆ ತಪ್ಪಿದರೆ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಗೋಫರ್ ಬಂತು. ಗೋಫರ್ ಅಂದರೆ ನೆಲದಲ್ಲಿ ಬಿಲ ತೋಡುವ ಅಳಿಲು. ಮರ ಹತ್ತಲು ಸೋಮಾರಿ, ಮಣ್ಣು ಕೆದರಲು ಮಾತ್ರ ಮಹಾ ಚುರುಕು. ಬಿಲದ ಬಾಯಲ್ಲಿ ಹಿಂಗಾಲ ಮೇಲೆ ನೆಟ್ಟಗೆ ನಿಂತು, ಕೈ ಎರಡನ್ನೂ ಹೊಟ್ಟೆಯ ಮೇಲೆ ಕಟ್ಟಿಕೊಂಡು, ಬಾಡಿಗೆ ವಸೂಲಿಗೆ ಬಂದ ಮನೆ ಮಾಲೀಕನಂತೆ ನೋಡುತ್ತದೆ. ಹುಲ್ಲುಗಾವಲಲ್ಲಿ ಇಂಥವು ಬೇಕಾದಷ್ಟಿವೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇದು ಇಡೀ ಪ್ರಪಂಚ ಬಿಟ್ಟು ಎನಾರ್‌ನಿಗೆಂದು ಮೀಸಲಿಟ್ಟಿದ್ದ ಜಾಗದಲ್ಲೇ, ಕಲ್ಲಿನ ಎಡ ಅಂಚಿಗೆ ತಾಗಿದಂತೆ, ಬಿಲ ತೋಡಿತು. ತನಗಿಂತ ಮೊದಲು ತನ್ನ ಜಾಗಕ್ಕೆ ಇನ್ನೊಬ್ಬ ಬಂದು ಆರ್ಡಿಸ್ ಪಕ್ಕದಲ್ಲಿ ಮಲಗಿದ್ದಾನೆ ಎನ್ನುವುದು ಎನಾರ್‌ನಿಗೆ ತಡೆಯಲಾಗದ ಸಂಗತಿಯಾಯಿತು.

ಮೊದಲು ಬಿಟ್ಟಿ ಉಪಾಯ. ಪಿಕಪ್ ಗಾಡಿಯಲ್ಲಿ ಪೀಪಾಯಿಗಟ್ಟಲೆ ನೀರು ಹೊತ್ತು ತಂದು ಬಿಲಕ್ಕೆ ಸುರಿದ. ಗೋಫರ್ ಇನ್ನೊಂದು ಬಾಯಿಯಿಂದ ಹೊರಬಂದು, ಮೈ ಕೊಡವಿಕೊಂಡು, ಕೂತು ನೋಡಿತು. ನೀರು ಕುಡಿದ ನೆಲ ಕುಸಿಯಿತು. ಅದುವರೆಗೆ ನೆಟ್ಟಗಿದ್ದ ಕಲ್ಲು ಎಡಕ್ಕೆ ವಾಲಿತು. ಈಸ್ಟರ್ ಹಬ್ಬಕ್ಕೆ ಮೈನಾಟ್ ಪಟ್ಟಣದಿಂದ ಬಂದ ಲವೋನ್ ಕಣ್ಣಿಗೆ ಬಿದ್ದದ್ದು ಈ ವಾಲಿದ ಕಲ್ಲು.

ಲವೋನ್ ಎಂದರೆ ಆರ್ಡಿಸಳ ಅಕ್ಕ. ತಂಗಿಯನ್ನು ಈ ಜಿಪುಣನಿಗೆ ಕೊಟ್ಟದ್ದೇ ತಪ್ಪು ಎಂದು ಮದುವೆಯ ದಿನದಿಂದ ಇವತ್ತಿನವರೆಗೆ ಅಭಿಪ್ರಾಯ ಬದಲಿಸದ ಹೆಂಗಸು.

"ಬದುಕಿದ್ದಾಗ ಒಂದು ಒಳ್ಳೆ ಕೋಟು ಕೊಡಿಸ್ಲಿಲ್ಲ. ಸತ್ತ ಮೇಲೆ ನೆಟ್ಟಗೆ ನಿಲ್ಲೋ ಕಲ್ಲಿಗೂ ಗತಿ ಇಲ್ವ ಅವಳಿಗೆ?" ಎಂದು ಕೇಳಿದಳು.

"ಸರಿ ಮಾಡ್ತೀನಿ ಲವೋನ್."

"ಮೆಮೋರಿಯಲ್ ಡೇಗೆ ಹೂ ಇಡೋಕೆ ಬರ್ತೀನಿ. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಮೈನಾಟ್‌ನಲ್ಲಿ ಸಮಾಧಿ ನೋಡ್ಕೊಳ್ಳೋ ಕಂಪನಿಯವ್ರಿದ್ದಾರೆ, ಅವ್ರಿಗೆ ಒಪ್ಪಿಸ್ತೀನಿ. ದುಡ್ಡು ನಂದೇ. ನೀನು ಕತ್ತರಿ ತಗೊಂಡು ಅಲ್ಲಿಗೆ ಹೋಗೋದೇ ಬೇಡ."

ದುಡ್ಡು ಅವಳದೇ ಎಂದದ್ದು ಬೇರೆ ಯಾವ ವಿಷಯಕ್ಕಾದರೂ ಎನಾರ್‌ಗೆ ಸಂಗೀತದಂತೆ ಕೇಳಿಸುತ್ತಿತ್ತು. ಈ ಮಾತು ಮಾತ್ರ ದಂಡ ಹಾಕಿದಂತೆ ಕೇಳಿಸಿತು. ಆರ್ಡಿಸ್‌ಗಾಗಿ ಮಾಡಲು ಅವನಿಗೆ ಉಳಿದಿದ್ದ ಕೆಲಸ ಅದೊಂದೇ. ಅದನ್ನೂ ಕಂಪನಿಯವರು ಕಿತ್ತುಕೊಂಡರೆ ಬೆಳಗಾದ ಮೇಲೆ ಏಳುವುದಾದರೂ ಯಾಕೆ? ಆ ಗೋಫರನ್ನು ಹೊಡೆಯದೆ ಮಣ್ಣು ಗಟ್ಟಿಯಾಗುವುದಿಲ್ಲ, ಕಲ್ಲು ನಿಲ್ಲುವುದಿಲ್ಲ ಎಂದು ನಿರ್ಧರಿಸಿದ.

ಕೋವಿ ಬೇಕು. ನಮ್ಮೂರಲ್ಲಿ ಕೋವಿ ಇಲ್ಲದ ಮನೆ ಹುಡುಕುವುದು ಕಷ್ಟ, ಪಾದ್ರಿಯ ಮನೆಯಲ್ಲೂ ಒಂದಿದೆ. ಎನಾರ್ ಮನೆಯಲ್ಲಿ ಇರಲಿಲ್ಲ. ಹಿಮ ಎಸೆಯುವ ಹಳೇ ಯಂತ್ರವೊಂದು ಸಿಗುತ್ತದೆಂದು ಯಾರಿಗೋ ಕೋವಿ ಕೊಟ್ಟು ಅದನ್ನು ತಂದಿದ್ದ. ಆ ಯಂತ್ರ ಹಿಮ ಎಸೆಯುವುದಿಲ್ಲ, ಹಿಮದಲ್ಲಿ ನಿಲ್ಲುತ್ತದೆ.

ಸಹಕಾರ ಸಂಘದ ಪೆಟ್ರೋಲ್ ಬಂಕಿನೊಳಗೆ ಕಿಟಕಿ ಪಕ್ಕ ಒಂದು ಮೇಜು ಇದೆ. ಬೆಳಿಗ್ಗೆ ಊರಿನ ಮುದುಕರೆಲ್ಲ ಅಲ್ಲಿ ಕಾಫಿಗೆ ಸೇರುತ್ತಾರೆ. ಚರ್ಮದ ಲೋಟದಲ್ಲಿ ದಾಳ ಕುಲುಕಿ, ಸೋತವನು ಎಲ್ಲರ ಕಾಫಿಗೂ ಕೊಡಬೇಕು. ಎನಾರ್ ದಾಳದಾಟ ಮುಗಿಯುವವರೆಗೆ ಹೊರಗೆ ಟೈರು ನೋಡಿಕೊಂಡು ನಿಂತು ಆಮೇಲೆ ಒಳಗೆ ಬರುವವನು. ಅವತ್ತು ಮೊದಲೇ ಬಂದು ಕೂತ. ಎಲ್ಲರೂ ಹೌಹಾರಿದರು.

"ಸಮಾಧಿ ಗುಡ್ಡದ ಗೋಫರ್ ಹೊಡೆಯೋಕೆ ಒಂದು ಕೋವಿ, ಅದರ ಮೇಲೊಂದು ದುರ್ಬೀನು. ಯಾವುದು ತಗೊಳ್ಲಿ? ಕಮ್ಮೀದು ಹೇಳಿ" ಎಂದ.

ಈ ಪ್ರಶ್ನೆಯನ್ನು ಆ ಮೇಜಿನ ಮೇಲೆ ಇಡುವುದೂ ಒಂದೇ, ಜೇನುಗೂಡಿಗೆ ಕೈ ಹಾಕುವುದೂ ಒಂದೇ. ಡೆಲ್ಮರ್ ಕ್ವಾಮೆ ಕಾಫಿ ಲೋಟ ಕೆಳಗಿಟ್ಟ. ಡೆಲ್ಮರ್ ಎನಾರ್‌ನ ಬಾಲ್ಯದ ಗೆಳೆಯ, ಸಮಾಧಿ ಗುಡ್ಡದ ಸಮಿತಿಗೆ ಅಧ್ಯಕ್ಷ, ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ.

"ದುಡ್ಡೆಲ್ಲ ದುರ್ಬೀನಿಗೆ ಹಾಕು. ಕಾಣದೆ ಇದ್ದದ್ದನ್ನ ಹೊಡೆಯೋದು ಹೇಗೆ? ನಾನು ಮೊನ್ನೆ ತಗೊಂಡೆ ನೋಡು, ಗೋಫರ್ ಮೀಸೆ ಒಂದೊಂದೇ ಎಣಿಸಬಹುದು."

"ಎಣಿಸಿ ಏನ್ಮಾಡ್ತೀಯ, ಕ್ಷೌರ ಮಾಡ್ತೀಯ?" ಎಂದ ಪಾಲ್ಮರ್. ಇವನು ಗೋದಿ ಬೆಳೆದು ಈಗ ಹೊಲ ಮಕ್ಕಳಿಗೆ ಬಿಟ್ಟುಕೊಟ್ಟು, ಕೋವಿಗಳ ಕೆಟಲಾಗು ಓದುವುದನ್ನೇ ಉದ್ಯೋಗ ಮಾಡಿಕೊಂಡವನು. "ಕೋವಿ ನೆಟ್ಟಗಿಲ್ಲ ಅಂದ್ರೆ ಎಂಥಾ ದುರ್ಬೀನಿದ್ರೂ ಏನು ಬಂತು? ದುಡ್ಡು ನಳಿಗೆಗೆ ಹಾಕಬೇಕು ಕಣೋ. ಸಣ್ಣ ಗುಂಡು, ಜೋರು ವೇಗ. ಗಾಳಿಗೆ ಅಲ್ಲಾಡಬಾರದು."

"ಸಣ್ಣ ಗುಂಡೇ ಗಾಳಿಗೆ ಅಲ್ಲಾಡೋದು."

"ನಿನ್ನ ತಲೆ ಅಲ್ಲಾಡೋದು."

ಕಾಫಿ ಆರಿತು. ಇಬ್ಬರೂ ಎನಾರ್‌ನನ್ನು ಮರೆತೇಬಿಟ್ಟು, ಯಾವುದೋ ಕಾಲದ ಜಿಂಕೆಯನ್ನು ಯಾರು ಹೊಡೆದದ್ದು ಎಂಬಲ್ಲಿಗೆ ಹೋಗಿ ಮುಟ್ಟಿದರು. ಒಬ್ಬ ದುರ್ಬೀನಿಗೆ ಹಾಕು ಎನ್ನುತ್ತಾನೆ, ಇನ್ನೊಬ್ಬ ಕೋವಿಗೆ ಹಾಕು ಎನ್ನುತ್ತಾನೆ. ಎನಾರ್ ಇಬ್ಬರ ಮಾತನ್ನೂ ಗೌರವದಿಂದ ಕೇಳಿ, ಎರಡಕ್ಕೂ ಹಾಕದಿರುವುದು ಎಂದು ತೀರ್ಮಾನಕ್ಕೆ ಬಂದ.

ಹೊರಡುವಾಗ ಡೆಲ್ಮರ್ ಅಧ್ಯಕ್ಷರ ಗತ್ತಿನಲ್ಲಿ ಬೆರಳೆತ್ತಿದ. "ಸಮಿತಿಯಿಂದ ಅಪ್ಪಣೆ ಇದೆ. ಆದ್ರೆ ಒಂದು ಷರತ್ತು. ಯಾವ ಕಲ್ಲಿನ ಕಡೆಗೂ ಗುರಿ ಇಡಬಾರದು. ಗೋಫರ್ ಹಿಂದೆ ಬರೀ ಮಣ್ಣಿದ್ರೆ ಮಾತ್ರ ಹೊಡಿ."

"ನನಗೇನು ಅಷ್ಟೂ ಗೊತ್ತಾಗಲ್ವ" ಎಂದ ಎನಾರ್.

ಊರಿನ ಹಾರ್ಡ್‌ವೇರ್ ಅಂಗಡಿ ಕಾರ್ಮೆನ್ ಹೌಗೆನ್‌ಳದು. ಮುಂದೆ ಮೊಳೆ, ನಾಯಿ ತಿಂಡಿ, ಮದುವೆ ಉಡುಗೊರೆಯ ಗಾಜಿನ ಬಟ್ಟಲು. ಹಿಂದಿನ ಗೋಡೆಗೆ ಕೋವಿ. ಎನಾರ್ ಬಾಗಿಲಲ್ಲಿ ಕಂಡರೆ ಅವಳು ಮೊದಲು ಬೆಲೆಯ ಚೀಟಿಗಳನ್ನೊಮ್ಮೆ ನೋಡಿಕೊಳ್ಳುತ್ತಾಳೆ. ಹಿಂದೊಮ್ಮೆ ಇವನು ಬಾಗಿದ ಮೊಳೆಗಳನ್ನು ಪ್ರತ್ಯೇಕ ಬೆಲೆಗೆ ಕೇಳಿದ್ದುಂಟು.

"ಎಷ್ಟು ದೂರದಿಂದ ಹೊಡೀತೀರಿ?" ಎಂದು ಕೇಳಿದಳು.

"ಬೇಲಿಯಿಂದ ಆರ್ಡಿಸ್‌ವರೆಗೆ."

ಕಾರ್ಮೆನ್‌ಗೆ ಗುಡ್ಡ ಗೊತ್ತು, ದೂರವೂ ಅರ್ಥವಾಯಿತು. "ಎಷ್ಟು ಗೋಫರ್ ಇವೆ?"

"ಒಂದು."

"ಒಂದಕ್ಕೋಸ್ಕರ ಕೋವಿ ಕೊಳ್ತೀರಾ?"

"ಅದಕ್ಕೇ ಕಮ್ಮೀದು ಕೇಳಿದ್ದು."

ಕಾರ್ಮೆನ್ ಗೋಡೆಯಿಂದ ಒಂದೊಂದೇ ಇಳಿಸಿದಳು. ಎನಾರ್ ಪ್ರತಿಯೊಂದನ್ನೂ ಭುಜಕ್ಕೇರಿಸಿ, ಒಂದು ಕಣ್ಣು ಮುಚ್ಚಿ, ಗೋಡೆಯ ಗಡಿಯಾರಕ್ಕೆ ಗುರಿ ಇಟ್ಟು, ಆಮೇಲೆ ಚೀಟಿ ತಿರುಗಿಸಿ ನೋಡಿ, ಬಿಸಿ ಪಾತ್ರೆ ಮುಟ್ಟಿದವನಂತೆ ವಾಪಸು ಇಟ್ಟ. ಹೀಗೆ ಗೋಡೆ ಖಾಲಿಯಾಯಿತು. ಕೊನೆಗೆ ಅವಳು ಒಳಗಿನ ಕೋಣೆಯಿಂದ ಉದ್ದನೆಯ ಡಬ್ಬಿಯೊಂದನ್ನು ತಂದಳು, ಸ್ವಲ್ಪ ನಾಚಿಕೊಂಡೇ.

"ಇದೊಂದಿದೆ. ಕೋವಿ ಒಳ್ಳೇದು, ನಳಿಗೆ ನೆಟ್ಟಗಿದೆ, ಟ್ರಿಗರ್ ಮೆತ್ತಗಿದೆ. ಯಾರೋ ಮೊಮ್ಮಗಳಿಗೆ ಅಂತ ಆರ್ಡರ್ ಮಾಡಿದ್ರು. ಹುಡುಗಿ ಮಾಂಸ ತಿನ್ನೋದೇ ಬಿಟ್ಟುಬಿಟ್ಳಂತೆ. ಅವತ್ತಿಂದ ಇಲ್ಲೇ ಬಿದ್ದಿದೆ."

ಕೋವಿಯ ಹಿಡಿಯಿಂದ ನಳಿಗೆಯ ಬುಡದವರೆಗೆ ಎಲ್ಲವೂ ಗುಲಾಬಿ ಬಣ್ಣ. ತಿಳಿ ಗುಲಾಬಿಯಲ್ಲ, ಹುಟ್ಟುಹಬ್ಬದ ಕೇಕಿನ ಮೇಲಿನ ಗುಲಾಬಿ. ಎನಾರ್ ಚೀಟಿ ನೋಡಿದ. ಅವನ ಮುಖ ಅರಳಿತು.

"ಬಣ್ಣಕ್ಕೂ ಗುಂಡಿಗೂ ಏನು ಸಂಬಂಧ?" ಎಂದ. "ಕಟ್ಟು ಇದನ್ನ. ದುರ್ಬೀನು?"

"ಅದರಲ್ಲಾದ್ರೂ ಸ್ವಲ್ಪ ಒಳ್ಳೇದು ತಗೊಳ್ಳಿ ಎನಾರ್. ಕಮ್ಮೀದು ತಗೊಂಡ್ರೆ ತಿರುಪು ತಿರುಗಿಸಿದ್ದೊಂದು ಕಡೆ, ಗುಂಡು ಹೋಗೋದೊಂದು ಕಡೆ."

ಗಾಜಿನ ಪೆಟ್ಟಿಗೆಯಲ್ಲಿ, ಯಾರೋ ಕೊಂಡು ವಾಪಸು ಕೊಟ್ಟಿದ್ದ ದುರ್ಬೀನೊಂದಿತ್ತು. ಗಾಜು ಸ್ವಚ್ಛ, ಅಡ್ಡ ಉದ್ದ ಗೆರೆ ಸರಿಯಾಗಿವೆ, ತಿರುಪು ಟಿಕ್ ಟಿಕ್ ಎಂದು ಲೆಕ್ಕವಾಗಿ ತಿರುಗುತ್ತದೆ. ಮುಚ್ಚಳ ಮಾತ್ರ ಕಳೆದಿತ್ತು. ಮುಚ್ಚಳವಿಲ್ಲದ್ದಕ್ಕೆ ಎಷ್ಟು ಬಿಡುತ್ತೀಯ, ಡಬ್ಬಿ ಬೇಡವೆಂದರೆ ಎಷ್ಟು ಬಿಡುತ್ತೀಯ, ಒರೆಸುವ ಬಟ್ಟೆ ವಾಪಸು ಕೊಟ್ಟರೆ ಎಷ್ಟು ಬಿಡುತ್ತೀಯ ಎಂದು ಚೌಕಾಸಿ ಮಾಡಿ ಮಾಡಿ ಕಾರ್ಮೆನ್‌ಳ ಊಟದ ಹೊತ್ತು ಮೀರಿಸಿದ. ಅವಳು ಹಸಿವು ತಡೆಯಲಾಗದೆ ಒಪ್ಪಿದಳು. ದುರ್ಬೀನನ್ನು ಕೋವಿಗೆ ಜೋಡಿಸಿಯೂ ಕೊಟ್ಟಳು, ಅದಕ್ಕೆ ಬೇರೆ ದುಡ್ಡು ಎಂದರೆ ಮತ್ತೆ ಶುರುವಾಗುತ್ತದೆಂದು.

ನ್ಯಾಯವಾಗಿ ಹೇಳಬೇಕೆಂದರೆ, ಆ ಬೆಲೆಗೆ ಅಂಥ ಜೋಡಿ ಜಿಲ್ಲೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಕೋವಿಯದು ತಪ್ಪಿರಲಿಲ್ಲ, ದುರ್ಬೀನಿನದೂ ತಪ್ಪಿರಲಿಲ್ಲ. ತಪ್ಪೆಲ್ಲ ಅದರ ಹಿಂದೆ ಕೂತ ಮುದುಕನದು.

ಹೊಸ ದುರ್ಬೀನು ಕೂರಿಸಿದ ಮೇಲೆ ಗುಂಡು ಎಲ್ಲಿ ಬೀಳುತ್ತದೆ, ಗೆರೆ ಎಲ್ಲಿ ಕೂಡುತ್ತದೆ ಎಂದು ಹೊಂದಿಸಿಕೊಳ್ಳಬೇಕು. ಕಾಗದದ ಮೇಲೆ ಹೊಡೆದು, ತೂತು ನೋಡಿ, ತಿರುಪು ತಿರುಗಿಸಬೇಕು. ಇದಕ್ಕೆಂದೇ ಊರಾಚೆ ಜಲ್ಲಿ ತೆಗೆದ ಹಳ್ಳವಿದೆ, ಒಂದು ಕಡೆ ಎರಡು ಮೇಜು, ಎದುರು ಕಡೆ ಎರಡು ಹಲಗೆ. ಶನಿವಾರ ಎನಾರ್ ಮತ್ತು ಡೆಲ್ಮರ್ ಜೊತೆಯಾಗಿ ಹೋದರು. ಡೆಲ್ಮರ್‌ಗೂ ತನ್ನ ದುಬಾರಿ ದುರ್ಬೀನು ಹೊಂದಿಸಿಕೊಳ್ಳಬೇಕಿತ್ತು.

ಎನಾರ್ ಹೊದಿಕೆ ಬಿಚ್ಚಿದ. ಡೆಲ್ಮರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ನನ್ನ ಕಣ್ಣಿಗೆ ಗುಲಾಬಿ ಕಾಣ್ತಿದೆ."

"ಗುಲಾಬೀನೇ."

"ಗೋಫರ್ ನೋಡಿ ನಕ್ಕು ಸಾಯುತ್ತೆ ಬಿಡು, ಗುಂಡು ಉಳಿಯುತ್ತೆ" ಎಂದ ಡೆಲ್ಮರ್.

"ಅದೂ ಲೆಕ್ಕ ಹಾಕಿದ್ದೀನಿ" ಎಂದ ಎನಾರ್.

ಡೆಲ್ಮರ್ ಹೊಸ ಗುರಿಹಾಳೆ ತಂದು ಬಲಗಡೆಯ ಹಲಗೆಗೆ ಅಂಟಿಸಿದ. ಎನಾರ್ ಕಸದ ಪೀಪಾಯಿಯೊಳಗೆ ಕೈ ಹಾಕಿ, ಯಾರೋ ಹೊಡೆದು ಎಸೆದ ಹಾಳೆಯೊಂದನ್ನು ಎತ್ತಿ, ಮಡಿಕೆ ಬಿಡಿಸಿ, ಎಡಗಡೆಯ ಹಲಗೆಗೆ ಹಚ್ಚಿದ. ಅದರಲ್ಲಿ ಆಗಲೇ ಅಲ್ಲಲ್ಲಿ ತೂತು.

"ಹಳೇ ತೂತು ಯಾವುದು, ಹೊಸದು ಯಾವುದು ಅಂತ ಹೇಗೋ ಗೊತ್ತಾಗುತ್ತೆ ನಿನಗೆ?"

"ನನ್ನ ಗುಂಡು ನನಗೆ ಗೊತ್ತಾಗಲ್ವ?"

ಇಬ್ಬರೂ ಕಿವಿಗೆ ಮುಚ್ಚಳ ಹಾಕಿ ಕೂತರು. ಇವನು ಮೂರು ಗುಂಡು ಹೊಡೆದ, ಅವನೂ ಅಷ್ಟೇ ಹೊಡೆದ. ಕೋವಿ ಬರಿದು ಮಾಡಿಟ್ಟು ಇಬ್ಬರೂ ಹಲಗೆಯ ಕಡೆ ನಡೆದರು.

ಡೆಲ್ಮರನ ಹಾಳೆ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಒಂದು ತೂತಿಲ್ಲ. ಅವನು ಹಾಳೆಯ ಹಿಂದೆಯೂ ಒಮ್ಮೆ ನೋಡಿದ.

ಎನಾರ್‌ನ ಹಾಳೆಯಲ್ಲಿ ಮಾತ್ರ ಜಾತ್ರೆ. ನಡುವೆ ಅಲ್ಲಲ್ಲಿ ಚೆದುರಿದ ತೂತುಗಳಿದ್ದವು, ನೋಡಲು ಅಂದವಿಲ್ಲ. ಆದರೆ ನಡುವಿನಿಂದ ಒಂದು ಗೇಣು ಎಡಕ್ಕೆ ಮೂರು ತೂತು ಒಂದಕ್ಕೊಂದು ಅಂಟಿಕೊಂಡು, ಒಂದು ಡಾಲರ್ ನಾಣ್ಯದಲ್ಲಿ ಮುಚ್ಚಬಹುದಾದಷ್ಟು ಹತ್ತಿರ ಕೂತಿದ್ದವು. ಎನಾರ್ ಅವನ್ನು ಕಂಡ ಕೂಡಲೇ ಮೋಹಿಸಿಬಿಟ್ಟ. ಇವು ನನ್ನವೇ, ಇನ್ನು ಯಾರವು? ಉಳಿದವು ಯಾವನೋ ಕೈ ನಡುಗುವವನು ಹೊಡೆದದ್ದು.

"ನೋಡು ಡೆಲ್ಮರ್. ಗುಲಾಬಿ ಕೋವಿ."

ಡೆಲ್ಮರ್ ನೋಡಿದ. ಆ ಮೂರು ತೂತುಗಳನ್ನು ನೋಡುತ್ತ ಅವನ ಮುಖ ಹುಳ್ಳಗಾಯಿತು. ತನ್ನ ದುರ್ಬೀನಿನ ಬೆಲೆ ಅವನಿಗೆ ನೆನಪಾಗಿರಬೇಕು. "ಹೊಟ್ಟೆ ಸರಿ ಇಲ್ಲ" ಎಂದು ಹೇಳಿ ಕೋವಿ ಚೀಲಕ್ಕೆ ತುರುಕಿ, ಗಾಡಿ ಹತ್ತಿ ಹೊರಟೇಹೋದ.

ಎನಾರ್ ನಿಧಾನವಾಗಿ ತಿರುಪು ತಿರುಗಿಸಿದ. ಎಡಕ್ಕೆ ಬಿದ್ದ ಗುಂಡನ್ನು ನಡುವಿಗೆ ತರಲು ಒಂದು ಗೇಣು ಬಲಕ್ಕೆ, ಟಿಕ್ ಟಿಕ್ ಟಿಕ್. ಹೀಗೆ ತಿರುಗಿಸಿದ ಮೇಲೆ ಯಾರಾದರೂ ಇನ್ನೊಂದು ಸಲ ಹೊಡೆದು ನೋಡುತ್ತಾರೆ. ಎನಾರ್ ಗುಂಡಿನ ಡಬ್ಬಿ ನೋಡಿದ, ಬೆಲೆ ನೆನೆದ, ಮುಚ್ಚಿದ. ಸರಿಯಾಗಿರುವುದನ್ನು ಮತ್ತೆ ಸರಿಯಾಗಿದೆಯೇ ಎಂದು ನೋಡಲು ಗುಂಡೇನು ಬಿಟ್ಟಿ ಸಿಗುತ್ತದೆಯೇ?

ಮರುದಿನ ಭಾನುವಾರ, ಬಂದೂಕಿಗೆ ರಜೆ. ಸೋಮವಾರ ಬೆಳಿಗ್ಗೆ ಎನಾರ್ ಬೇಲಿಯ ಪಕ್ಕ ಹುಲ್ಲಿನ ಮೇಲೆ ಬೋರಲು ಮಲಗಿದ. ಗಾಳಿ ಇರಲಿಲ್ಲ, ನಮ್ಮ ಕಡೆ ಅದೇ ಒಂದು ಅತಿಶಯ. ಗೋಫರ್ ಬಿಲದಿಂದ ತಲೆ ಹಾಕಿತು. ಆಮೇಲೆ ಎದೆ. ಆಮೇಲೆ ಪೂರ್ತಿ ಎದ್ದು, ಕೈ ಕಟ್ಟಿಕೊಂಡು, ಕಲ್ಲಿನ ಎಡ ಅಂಚು ದಾಟಿ ಸ್ವಲ್ಪ ಹೊರಗೆ ನಿಂತಿತು. ಅದರ ಹಿಂದೆ ಬರೀ ಮಣ್ಣಿನ ದಿಬ್ಬ. ಸಮಿತಿಯ ಷರತ್ತಿಗೆ ಒಂದಿಷ್ಟೂ ಭಂಗವಿಲ್ಲ. ದುರ್ಬೀನಿನಲ್ಲಿ ಅದು ಎಷ್ಟು ಹತ್ತಿರ ಕಂಡಿತೆಂದರೆ ಎನಾರ್‌ಗೆ ಮಾತಾಡಿಸುವ ಮನಸ್ಸಾಯಿತು.

"ಕಿವಿ ಮುಚ್ಕೋ ಆರ್ಡಿಸ್" ಎಂದು ಪಿಸುಗುಟ್ಟಿ, ಅದರ ಎದೆಗೆ ಗುರಿ ಇಟ್ಟು, ಟ್ರಿಗರ್ ಎಳೆದ.

ಢಂ ಎಂದಿತು. ಅದರ ಹಿಂದೆಯೇ ಟಣ್ ಎಂದಿತು. ಮಣ್ಣು ಟಣ್ ಎನ್ನುವುದಿಲ್ಲ.

ಗೋಫರ್ ತಲೆ ತಿರುಗಿಸಿ ಕಲ್ಲನ್ನು ನೋಡಿತು. ಆಮೇಲೆ ಎನಾರ್‌ನನ್ನು ನೋಡಿತು. ಆಮೇಲೆ ಅವಸರವಿಲ್ಲದೆ ಒಳಗೆ ಹೋಯಿತು.

ಎನಾರ್ ಕೋವಿ ಬರಿದು ಮಾಡಿಟ್ಟು, ಆ ವಯಸ್ಸಿನಲ್ಲಿ ಹೇಗೆ ಓಡಬಹುದೋ ಹಾಗೆ ಓಡಿದ. ಗುಂಡು ಒಂದು ಗೇಣು ಬಲಕ್ಕೆ ಹೋಗಿತ್ತು. ಕಲ್ಲಿನ ಎಡ ಭಾಗದಲ್ಲಿ ತನ್ನದೇ ಹೆಸರು, ಅದರ ಕೆಳಗೆ ಹುಟ್ಟಿದ ವರ್ಷ, ಅಡ್ಡಗೆರೆ, ಅದರಾಚೆಯ ಖಾಲಿ ಜಾಗದಲ್ಲಿ ಸರಿಯಾಗಿ ನಟ್ಟನಡುವೆ ಒಂದು ಬಿಳಿ ಕುಳಿ. ಸುತ್ತ ನಕ್ಷತ್ರದಂತೆ ಚಕ್ಕೆ ಎದ್ದಿತ್ತು. ಒಬ್ಬ ಮನುಷ್ಯ ತನ್ನ ಸಾವಿನ ವರ್ಷ ಬರೆಯಬೇಕಾದ ಜಾಗಕ್ಕೆ ತಾನೇ ಗುಂಡು ಹೊಡೆದುಕೊಂಡದ್ದು ಆ ಜಿಲ್ಲೆಯ ಚರಿತ್ರೆಯಲ್ಲಿ ಅದೇ ಮೊದಲಿರಬೇಕು.

"ನಿನ್ನ ಕಡೆ ಬೀಳ್ಲಿಲ್ಲ, ಸದ್ಯ" ಎಂದು ಆರ್ಡಿಸ್‌ಗೆ ಹೇಳಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ವಾಲಿದ ಕಲ್ಲಿಗೇ ಲವೋನ್ ಹಾಗೆ ಹಾರಾಡಿದವಳು, ಗುಂಡೇಟು ತಿಂದ ಕಲ್ಲಿಗೆ ಬಿಡುತ್ತಾಳೆಯೇ? ಮೈನಾಟ್ ಕಂಪನಿಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸಿಕೊಂಡು ಬರುವುದು, ತಾನು ಬೇಲಿಯಾಚೆ ನಿಂತು ನೋಡುವುದು ಎಲ್ಲ ಕಣ್ಣಿಗೆ ಕಟ್ಟಿತು.

ಆ ವಾರವಿಡೀ ಅವನು ಕಾಫಿ ಮೇಜಿನ ಕಡೆ ಸುಳಿಯಲಿಲ್ಲ. ಗಾಡಿಯ ಜಾಕು ತಂದು ಕಲ್ಲಿನ ಬುಡಕ್ಕೆ ಕೊಟ್ಟು ಎತ್ತಿದ. ಕೆಳಗೆ ಜಲ್ಲಿ ತುಂಬಿ ಗುದ್ದಿದ. ಮಟ್ಟಗೋಲು ಇಟ್ಟು ನೋಡಿದ. ಕಲ್ಲು ನೆಟ್ಟಗಾಯಿತು, ಗೋಫರ್ ಇದ್ದರೂ ಆಯಿತು, ಅಂದರೆ ಕೋವಿಯೇ ಬೇಕಿರಲಿಲ್ಲ. ಈ ವಿಚಾರ ಬಂದಾಗ ಎನಾರ್ ಬೇರೆ ಏನಾದರೂ ಯೋಚಿಸಲು ಪ್ರಯತ್ನಿಸಿದ.

ಕುಳಿ ಮುಚ್ಚಲು ಕಿಟಕಿ ಗಾಜಿಗೆ ಹಚ್ಚುವ ಮೆತ್ತು ಹಚ್ಚಿದ, ಒಣಗಿ ಇನ್ನೂ ಬೆಳ್ಳಗೆ ಹೊಳೆಯಿತು. ಕೆರೆದು ತೆಗೆದ. ಕಡೆಗೆ ಮನಸ್ಸು ಗಟ್ಟಿ ಮಾಡಿ, ಕಾರ್ಮೆನ್ ಅಂಗಡಿಗೆ ಹೋಗಿ, ದಟ್ಟವಾಗಿ ಹೂ ಬಿಟ್ಟ ಕೆಂಪು ಜಿರೇನಿಯಂ ಕುಂಡವೊಂದನ್ನು ಪೂರ್ತಿ ಬೆಲೆಗೆ ಕೊಂಡ. ಕಾರ್ಮೆನ್ ಹುಷಾರಾಗಿದ್ದೀರಾ ಎಂದು ವಿಚಾರಿಸಿದಳು. ಕುಂಡವನ್ನು ಕುಳಿಯ ಎದುರಿಗೆ ಇಟ್ಟ. ಏನೂ ಕಾಣಿಸುತ್ತಿರಲಿಲ್ಲ, ಬಲು ಚೆಂದವಾಗಿತ್ತು.

ಮೇ ಕೊನೆಯ ಸೋಮವಾರ, ಸತ್ತ ಸೈನಿಕರನ್ನೂ ಮನೆಯವರನ್ನೂ ನೆನೆದು ಸಮಾಧಿಗಳಿಗೆ ಹೂ ಇಡುವ ಮೆಮೋರಿಯಲ್ ಡೇ ಬೆಳಿಗ್ಗೆ, ಊರಿಗೆ ಊರೇ ಗುಡ್ಡದ ಮೇಲಿತ್ತು. ಎನಾರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ತಡವಾಗಿ ಬಂದ. ಲವೋನ್ ಆಗಲೇ ಆರ್ಡಿಸಳ ಕಡೆ ನಿಂತು ಕಲ್ಲನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಎನಾರ್ ಕುಂಡ ನೋಡಿದ. ಹೂವಿಲ್ಲ, ಎಲೆಯಿಲ್ಲ, ಎರಡು ಬೋಳು ಕಡ್ಡಿ. ರಾತ್ರಿ ಬೆಳಗಾಗುವುದರೊಳಗೆ ಗೋಫರ್ ಹಬ್ಬದೂಟ ಮುಗಿಸಿತ್ತು. ಕಡ್ಡಿಗಳ ನಡುವೆ ಕುಳಿ ಬೆಳ್ಳಗೆ ನಗುತ್ತಿತ್ತು. ಲವೋನ್‌ಳ ದೃಷ್ಟಿ ಇನ್ನೂ ತಂಗಿಯ ಹೆಸರಿನ ಮೇಲಿತ್ತು.

ಅಷ್ಟರಲ್ಲಿ ಮಾಜಿ ಸೈನಿಕರ ಗೌರವದ ಗುಂಡು. ಡೆಲ್ಮರ್ ಆ ದಳದ ನಾಯಕ. ಹೊಟ್ಟೆಗೆ ಆಗದ ಕೋಟು ತೊಟ್ಟ ಮುದುಕರು ಸಾಲಾಗಿ ನಿಂತು, ಬರೀ ಸದ್ದು ಮಾಡುವ ಹುಸಿ ಗುಂಡು ತುಂಬಿದ ಹಳೇ ಕೋವಿಗಳನ್ನು ಆಕಾಶಕ್ಕೆತ್ತಿ ಹೊಡೆದರು. ಒಂದು ಸಲ, ಎರಡು ಸಲ. ಮೂರನೆಯ ಸಲ ಡೆಲ್ಮರನ ಕೋವಿ ಈ ಕಲ್ಲಿನ ಕಡೆಗೆ ಸ್ವಲ್ಪ ತಗ್ಗಿತು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಢಂ ಎಂದಿತು. ಸದ್ದಿಗೆ ಬೆಚ್ಚಿ ಲವೋನ್ ಕತ್ತು ತಿರುಗಿಸಿದಳು, ಕುಳಿ ಕಂಡಿತು.

"ಡೆಲ್ಮರ್ ಕ್ವಾಮೆ, ಇಲ್ಲಿ ಬಾ" ಎಂದಳು. ದನಿ ಎತ್ತರಿಸಲೇ ಇಲ್ಲ, ಆದರೂ ಪ್ರಾರ್ಥನೆ ಹೇಳುತ್ತಿದ್ದ ಪಾದ್ರಿ ನಿಲ್ಲಿಸಿಬಿಟ್ಟರು.

ಡೆಲ್ಮರ್ ಬಂದ. ಕುಳಿ ನೋಡಿದ. ತನ್ನ ಕೋವಿ ನೋಡಿದ. ಮುಖ ಸುಣ್ಣದಂತಾಯಿತು.

"ಗುಂಡಿನ ಡಬ್ಬಿ ನಾನೇ ತುಂಬಿದ್ದು" ಎಂದ ಮೆಲ್ಲಗೆ. "ಹುಸೀದು ಅಂತಲೇ ನೋಡಿ ತುಂಬಿದ್ದೆ. ಕಣ್ಣು... ಇತ್ತೀಚೆಗೆ ನನ್ನ ಕಣ್ಣಿಗೆ ಏನಾಗಿದೆಯೋ. ಆವತ್ತು ಹಲಗೇಗೂ ಒಂದೂ ಬೀಳ್ಲಿಲ್ಲ."

"ಇಷ್ಟು ಜನ ಇದ್ದಾರೆ, ಮಕ್ಕಳಿದ್ದಾರೆ. ಯಾರಿಗಾದ್ರೂ ತಗುಲಿದ್ರೆ?" ಎಂದಳು ಲವೋನ್. "ಇನ್ಮೇಲೆ ಕೋವಿ ಮುಟ್ಟಬೇಡ ನೀನು."

ಡೆಲ್ಮರ್ ತಲೆ ಅಲ್ಲಾಡಿಸಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎನಾರ್ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಆಗುತ್ತಿತ್ತು. ಕಲ್ಲು ನೆಟ್ಟಗಿದೆ, ಕುಳಿಯ ಪಾಪ ಇನ್ನೊಬ್ಬನ ತಲೆಗೆ ಹೋಗಿದೆ, ಕತ್ತರಿ ತನ್ನ ಕೈಯಲ್ಲೇ ಉಳಿಯುತ್ತದೆ. ಅದೂ ಪೂರ್ತಿ ಬಿಟ್ಟಿಯಾಗಿ. ಜೀವಮಾನದಲ್ಲಿ ಇಷ್ಟು ಅಗ್ಗದ ವ್ಯಾಪಾರ ಅವನಿಗೆ ಸಿಕ್ಕಿರಲಿಲ್ಲ. ಅವನು ಡೆಲ್ಮರನ ಬೋಳು ತಲೆ ನೋಡಿದ. ನೋಡಲಾಗಲಿಲ್ಲ.

"ಅವನಲ್ಲ. ನಾನು ಹೊಡೆದದ್ದು" ಎಂದ.

"ಯಾವಾಗ?"

"ಹೋದ ಸೋಮವಾರ. ಗೋಫರ್‌ಗೆ ಇಟ್ಟೆ, ಕಲ್ಲಿಗೆ ಬಿತ್ತು. ಹೇಗೆ ಬಿತ್ತು ಅಂತ ನನಗಿನ್ನೂ ಗೊತ್ತಾಗಿಲ್ಲ ಲವೋನ್. ಹಳ್ಳದಲ್ಲಿ ಹೊಂದಿಸ್ಕೊಂಡೇ ಬಂದಿದ್ದೆ. ಮೂರೂ ಒಂದೇ ಕಡೆ ಬಿದ್ದಿದ್ವು, ಎಡಕ್ಕೆ. ಡೆಲ್ಮರ್ ಕೂಡ ನೋಡಿದ್ದಾನೆ."

ಡೆಲ್ಮರ್ ತಲೆ ಎತ್ತಿದ. ಅವನ ತುಟಿ ಏನನ್ನೋ ಲೆಕ್ಕ ಹಾಕುವಂತೆ ಅಲ್ಲಾಡಿತು.

"ನೀನು ಯಾವ ಹಲಗೆಗೆ ಹೊಡೆದೆ?"

"ನಂದು ಎಡಗಡೆದು. ನಿಂದು ಬಲಗಡೆ."

"ನಾನು ಎಡಗಡೆದಕ್ಕೆ ಹೊಡೆದೆ" ಎಂದ ಡೆಲ್ಮರ್. "ಎಡ ಬಲ ನೆನಪಿಟ್ಕೊಳ್ಲಿಲ್ಲ, ತೂತಿರೋ ಹಾಳೆ ನಿಂದು ಅಂತಷ್ಟೇ ಗೊತ್ತಿತ್ತು. ಆದ್ರೆ ಅಷ್ಟು ದೂರದಿಂದ ತೂತು ಎಲ್ಲಿ ಕಾಣುತ್ತೋ ನನಗೆ. ಆ ಮೂರೂ ನನ್ನವು ಎನಾರ್. ಲೋ, ಆ ಮೂರೂ ನನ್ನವು." ಅವನು ಲವೋನ್ ಕಡೆ ತಿರುಗಿದ. "ನನ್ನ ದುರ್ಬೀನು ಚೆನ್ನಾಗಿದೆ. ಒಂದು ನಾಣ್ಯದಲ್ಲಿ ಮುಚ್ಚಬಹುದಿತ್ತು." ಟೋಪಿ ಹಾಕಿಕೊಂಡು, ಪಾಲ್ಮರ್‌ಗೆ ಹೇಳಲು ಸಾಲಿನ ಕಡೆ ದಡದಡನೆ ಹೋದ.

ಎನಾರ್‌ಗೆ ಆಗ ಎಲ್ಲ ಹೊಳೆಯಿತು. ನಡುವೆ ಚೆದುರಿದ್ದ ತೂತುಗಳಲ್ಲೇ ತನ್ನವೂ ಸೇರಿದ್ದವು. ಕೋವಿ ಅಂಗಡಿಯಿಂದಲೇ ಸರಿಯಾಗಿ ಬಂದಿತ್ತು.

"ಅಂದ್ರೆ ನೀನು ಇನ್ನೊಬ್ಬನ ಗುಂಡಿಗೆ ನಿನ್ನ ದುರ್ಬೀನು ಹೊಂದಿಸ್ಕೊಂಡೆ. ಹೊಸ ಹಾಳೆ ಯಾಕೆ ಹಾಕ್ಲಿಲ್ಲ?" ಎಂದಳು ಲವೋನ್.

ಎನಾರ್ ಬಗ್ಗಿ ಕುಂಡದ ಬೋಳು ಕಡ್ಡಿಗಳನ್ನು ನೆಟ್ಟಗೆ ಮಾಡತೊಡಗಿದ.

"ಸರಿ. ಎಂಥಾ ಕೋವಿ ಅದು, ತೋರಿಸು ನೋಡೋಣ."

ಅವನು ಗಾಡಿಯಿಂದ ತಂದು ಹೊದಿಕೆ ಬಿಚ್ಚಿದ. ಬಿಸಿಲಿಗೆ ಗುಲಾಬಿ ಬಣ್ಣ ಕಣ್ಣು ಕುಕ್ಕಿತು. ಲವೋನ್ ಅದನ್ನು ನೋಡಿದಳು, ಅವನನ್ನು ನೋಡಿದಳು. ಬಾಯಿಗೆ ಕೈವಸ್ತ್ರ ಅಡ್ಡ ಹಿಡಿದಳು. ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾಳೆಂದು ಪಾದ್ರಿ ಧಾವಿಸಿ ಬಂದರು. ಅಳುತ್ತಿರಲಿಲ್ಲ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು, ಕೊನೆಗೆ ಕಲ್ಲಿನ ಮೇಲೆಯೇ ಕೈಯೂರಿ ನಿಂತಳು.

"ಅವಳು ನೋಡ್ಬೇಕಿತ್ತು ಇದನ್ನ" ಎಂದಳು. ಹಾಗೆಂದ ಮೇಲೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಲವೋನ್ ಬಗ್ಗಿ, ಬೋಳು ಕುಂಡವನ್ನು ಪಕ್ಕಕ್ಕೆ ಸರಿಸಿ, ಕುಳಿಯೊಳಗೆ ತೋರುಬೆರಳಿಟ್ಟಳು.

"ಬಾಗಿಲು ಬಡಿದು ಓಡಿಹೋಗೋ ಹುಡುಗರು ಇರ್ತಾರಲ್ಲ, ಹಾಗೆ ಮಾಡಿದ್ದೀಯ" ಎಂದಳು. "ಅವಳು ಬಂದೆ ಬಂದೆ ಅಂತ ಎದ್ದಿರ್ತಾಳೆ ಒಳಗೆ."

ಎನಾರ್ ಕೋವಿಗೆ ಮತ್ತೆ ಹೊದಿಕೆ ಸುತ್ತಿದ. "ಸ್ವಲ್ಪ ತಡ ಆಗುತ್ತೆ ಅಂತ ಹೇಳು ಅವಳಿಗೆ" ಎಂದ.

"ನಾನ್ಯಾಕೆ ಹೇಳ್ಲಿ? ದಿನಾ ಬರೋನು ನೀನು. ನೀನೇ ಹೇಳು" ಎಂದಳು ಲವೋನ್. ತಾನು ತಂದಿದ್ದ ಹೂವಿನ ಕುಂಡವನ್ನು ಗೋಫರ್‌ಗೆ ಎಟುಕದಂತೆ ಕಲ್ಲಿನ ತಲೆಯ ಮೇಲಿಟ್ಟು, ಚರ್ಚಿನ ನೆಲಮಾಳಿಗೆಯಲ್ಲಿ ಊಟ ಬಡಿಸಲು ಶುರು ಮಾಡಿರಬೇಕೆಂದು ಅವನ ತೋಳು ಹಿಡಿದು ಹೊರಡಿಸಿದಳು.